ಕೈ ಹಾಕಿ ನೋಡಿದ ಶೂ

ಒಂದು ಕಾಲಿನ ಚಪ್ಪಲಿ ದಾರಿಯಲ್ಲೆಲ್ಲೋ ಕಳಚಿ ಬಿದ್ದಿದೆ ಎಂಬುದು ಅಜ್ಜಿಗೆ ಗೊತ್ತಾದದ್ದು ಮನೆಯ ಮೆಟ್ಟಿಲು ಹತ್ತುವಾಗ. ಅದೂ ತಾನಾಗಿ ಗೊತ್ತಾಗಲಿಲ್ಲ. ಹಿಂದೆ ಚೀಲ ಹಿಡಿದು ಬರುತ್ತಿದ್ದ ಮೊಮ್ಮಗಳು ಕೂಗಿದಳು.

"ಅಜ್ಜೀ, ಎಡಗಾಲಿನ ಚಪ್ಪಲಿ ಎಲ್ಲಿ?"

ಅಜ್ಜಿ ಬಗ್ಗಿ ನೋಡಿದಳು. ಬಲಗಾಲಲ್ಲಿ ಚಪ್ಪಲಿ ಇತ್ತು. ಎಡಗಾಲು ಬರಿದಾಗಿತ್ತು, ಅಂಗಾಲಿಗೆ ಧೂಳು ಮೆತ್ತಿತ್ತು. ತರಕಾರಿ ಅಂಗಡಿಯಿಂದ ಮನೆಗೆ ಮುನ್ನೂರು ಹೆಜ್ಜೆ. ಅದರಲ್ಲಿ ಬರಿಗಾಲಲ್ಲಿ ಇಟ್ಟದ್ದೆಷ್ಟೋ, ಕಾಲಿಗೇ ಗೊತ್ತಿಲ್ಲದ ಮೇಲೆ ತಲೆಗೆ ಹೇಗೆ ಗೊತ್ತಾಗಬೇಕು?

"ಗಾಳಿ ಆಡಲಿ ಅಂತ ಬಿಟ್ಟೆ."

"ಸುಳ್ಳು."

"ಸುಳ್ಳೇ. ಹೋಗಿ ತಗೊಂಡು ಬಾ. ನಿಮ್ಮಮ್ಮನ ಹತ್ರ ಬಾಯಿ ಬಿಟ್ಟೆಯೋ, ಕಿವಿ ಕಿತ್ತು ಕೈಗೆ ಕೊಡ್ತೀನಿ."

ಮೊಮ್ಮಗಳಿಗೆ ಹದಿಮೂರು ವರ್ಷ. ಮೈಮೇಲೆ ಮಾಂಸ ಹತ್ತದ ಹುಡುಗಿ. ಮನೆಯಲ್ಲಿ ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ಕಡ್ಡಿ ಓಡಿ ಹೋಗಿ ಚಪ್ಪಲಿ ತಂದು, ಅಜ್ಜಿಯ ಕಾಲ ಬಳಿ ಇಟ್ಟು, ಬೆರಳಿಂದ ಅಂಗಾಲನ್ನು ಒತ್ತಿ ನೋಡಿದಳು.

"ಇದು ಗೊತ್ತಾಗುತ್ತಾ?"

"ಗೊತ್ತಾಗುತ್ತೆ ಏಳೇ, ಕಾಲು ಹಿಡಿದು ಕೂತವ್ಳೆ."

ಗೊತ್ತಾಗಲಿಲ್ಲ. ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷವಾಗಿತ್ತು. ಅಂಗಾಲು ಸತ್ತಂತಾಗಿ ಹತ್ತಿರ ಹತ್ತಿರ ಒಂದು ವರ್ಷ. ಇದನ್ನು ಅಜ್ಜಿ ಮಗಳಿಗೆ ಹೇಳಿರಲಿಲ್ಲ. ಹೇಳಿದರೆ ಭಾನುವಾರದ ಶಟಲ್ ಆಟ ಹೋಗುತ್ತಿತ್ತು. ಆಟ ಹೋದರೆ ಅಜ್ಜಿಗೆ ಉಳಿಯುತ್ತಿದ್ದುದು ಊಟ, ಮಾತ್ರೆ, ನಿದ್ದೆ.

ಅಜ್ಜಿ ಮೂವತ್ತೊಂದು ವರ್ಷ ಶೂ ಕಾರ್ಖಾನೆಯ ಕೊನೆಯ ವಿಭಾಗದಲ್ಲಿ ದುಡಿದವಳು. ಕೆಲಸ ಕೇಳಿದರೆ ನಗು ಬರಬೇಕು: ಶೂ ಒಳಗೆ ಕೈ ಹಾಕುವುದು. ಉದ್ದನೆಯ ಮೇಜಿನ ಮೇಲೆ ಶೂಗಳು ಬರುತ್ತವೆ. ಒಂದೊಂದಕ್ಕೂ ಕೈ ತೂರಿಸಿ, ಮುಂದಿನ ಮೂತಿಯಿಂದ ಹಿಮ್ಮಡಿಯವರೆಗೆ ನಡುಬೆರಳು ಆಡಿಸಬೇಕು. ಮೊಳೆಯ ಮೊನೆ, ದಾರದ ಗಂಟು, ಗಟ್ಟಿಯಾದ ಅಂಟು, ಏನು ಸಿಕ್ಕಿದರೂ ಅಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಗೀಟು ಹಾಕಿ ಎಡಗಡೆಯ ಪೆಟ್ಟಿಗೆಗೆ ಎಸೆಯಬೇಕು. ಒಂದು ಶೂಗೆ ಮೂರು ಸೆಕೆಂಡು. ಅವಳ ಗಂಡ ಅದೇ ಕಾರ್ಖಾನೆಯಲ್ಲಿ ಹಿಮ್ಮಡಿಗೆ ಮೊಳೆ ಹೊಡೆಯುತ್ತಿದ್ದ. ಒಂದೇ ದಿನ ಅವನ ಹನ್ನೆರಡು ಶೂಗಳಿಗೆ ಇವಳು ಅಡ್ಡಗೀಟು ಹಾಕಿದಾಗ, "ಯಾರಮ್ಮಾ ನೀನು, ನನ್ನ ಅನ್ನಕ್ಕೆ ಕಲ್ಲು ಹಾಕೋಕೆ ಬಂದವಳು?" ಎಂದು ಜಗಳಕ್ಕೆ ಬಂದವನು, ಮರುವರ್ಷ ಮದುವೆಯಾದ. ಅಜ್ಜಿಯ ಸಂಸಾರ ಶುರುವಾದದ್ದು ಹೀಗೆ.

ಕೆಲಸ ಬಿಟ್ಟರೂ ಕೈ ಸುಮ್ಮನಿರಲಿಲ್ಲ. ಆ ಮನೆಯಲ್ಲಿ ಅಜ್ಜಿ ಕೈ ಹಾಕಿ ನೋಡದ ಶೂವನ್ನು ಯಾರೂ ಹಾಕುತ್ತಿರಲಿಲ್ಲ. ಬೆಳಿಗ್ಗೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಅವಳು ಕೂರುತ್ತಾಳೆ. ಬಸ್ ಓಡಿಸುವ ಅಳಿಯ ತನ್ನ ಕಪ್ಪು ಶೂ ಕೊಡುತ್ತಾನೆ, ಔಷಧಿ ಅಂಗಡಿಯಲ್ಲಿ ಬಿಲ್ ಬರೆಯುವ ಮಗಳು ತನ್ನದು ಕೊಡುತ್ತಾಳೆ, ಕಡ್ಡಿ ತನ್ನ ಶಾಲೆಯದು ಕೊಡುತ್ತಾಳೆ. ಅಜ್ಜಿ ಒಳಗೆ ಬೆರಳಾಡಿಸಿ "ಹೋಗು" ಎನ್ನುತ್ತಾಳೆ. ಅಷ್ಟು ಹೇಳಿಸಿಕೊಳ್ಳದೆ ಹೊರಟರೆ ಆ ದಿನ ಏನೋ ಮರೆತು ಬಂದಂತೆ ಎಲ್ಲರಿಗೂ.

ಎರಡು ವರ್ಷದ ಹಿಂದೆ ಗಂಡ ಸತ್ತ. ಅಜ್ಜಿಗೆ ಅಳು ಬರಲಿಲ್ಲ. ಬರುತ್ತದೆ ಎಂದು ಬಂದವರೆಲ್ಲ ಕಾದರು, ಅವಳೂ ಕಾದಳು. ಅವನ ಒಂದು ಜೊತೆ ಶೂವನ್ನು ಅಳಿಯನ ಬಸ್ ಡಿಪೋದ ವಾಚ್‌ಮನ್ನಿಗೆ ಕೊಡುವ ಮುಂಚೆ ಒಳಗೆ ಕೈ ಹಾಕಿ ನೋಡಿದಳು. ಸರಿಯಾಗಿದ್ದವು. ಕೊಟ್ಟಳು. ಆಮೇಲಿನ ದಿನಗಳು ಒದ್ದೆ ಬಟ್ಟೆ ಹೊದ್ದ ಹಾಗೆ, ಭಾರವಾಗಿ, ರುಚಿಯಿಲ್ಲದೆ ಹೋದವು. ಯಾರಾದರೂ ನಕ್ಕರೆ ನಗಬೇಕೆಂದು ನೆನಪಾಗಿ ನಗುತ್ತಿದ್ದಳು.

ಮನೆಯ ಹಿಂದಿನ ಅಂಗಳದಲ್ಲಿ ಎರಡು ಕಂಬ ನೆಟ್ಟು, ಹಗ್ಗ ಕಟ್ಟಿ, ಭಾನುವಾರ ಬೆಳಿಗ್ಗೆ ಶಟಲ್ ಆಡುವ ರೂಢಿ ಹಾಕಿದವನು ಅವನೇ. ಅವನ ಬ್ಯಾಟು ಗೋಡೆಯಲ್ಲಿ ನೇತಾಡುತ್ತಿತ್ತು. ಒಂದು ಭಾನುವಾರ ಕಡ್ಡಿ ಅದನ್ನು ತಂದು ಅಜ್ಜಿಯ ಕೈಗೆ ತುರುಕಿದಳು. ಮೊದಲ ಶಟಲ್ ಕಾಕ್ ಬ್ಯಾಟಿನ ತಂತಿಗೆ ತಗುಲಿದಾಗ ಠಕ್ ಎಂದ ಏಟು ಅಜ್ಜಿಯ ಮೊಣಕೈವರೆಗೆ ಬಂತು. ಅಷ್ಟೇ. ಆದರೆ ಎಷ್ಟೋ ತಿಂಗಳ ಮೇಲೆ ಅವಳ ಮೈಗೆ ಏನೋ ತಾಗಿದ್ದು ಅದೊಂದೇ. ಅಂದಿನಿಂದ ಅಜ್ಜಿ ಮತ್ತು ಕಡ್ಡಿ ಒಂದು ಕಡೆ, ಮಗಳು ಅಳಿಯ ಇನ್ನೊಂದು ಕಡೆ. ಅಳಿಯ ಸೋತಾಗಲೆಲ್ಲ "ಅತ್ತೆ, ನಿಮ್ಮ ಸರ್ವೀಸಿಗೆ ಬ್ರೇಕೇ ಹತ್ತಲ್ಲ" ಎನ್ನುತ್ತಿದ್ದ. "ಬ್ರೇಕಲ್ಲಪ್ಪ, ನಿನ್ನ ಹೊಟ್ಟೆ ಮೊದಲು ಕರಗಿಸು" ಎನ್ನುತ್ತಿದ್ದಳು ಅಜ್ಜಿ.

ಆ ವರ್ಷ ಡಿಪೋದವರು ನೌಕರರ ಮನೆಮಂದಿಗೆಲ್ಲ ಆಟದ ದಿನ ಇಟ್ಟರು. ಅದರಲ್ಲೊಂದು ಜೋಡಿ ಶಟಲ್: ಒಬ್ಬರಿಗೆ ಅರವತ್ತು ದಾಟಿರಬೇಕು, ಇನ್ನೊಬ್ಬರಿಗೆ ಹದಿನಾಲ್ಕು ತುಂಬಿರಬಾರದು. ಕಡ್ಡಿಗೆ ಹದಿನಾಲ್ಕು ತುಂಬಲು ಎರಡು ತಿಂಗಳಿತ್ತು. ಆಡಿದರೆ ಈ ವರ್ಷ, ಇಲ್ಲದಿದ್ದರೆ ಇಲ್ಲ. ಕಡ್ಡಿ ಹೆಸರು ಬರೆಸಿ ಬಂದಳು. ಚಪ್ಪಲಿ ವಿಷಯ ಅವಳು ಅಮ್ಮನಿಗೆ ಹೇಳದಿದ್ದುದಕ್ಕೆ ಕಾರಣ ಕಿವಿಯ ಭಯವಲ್ಲ, ಇದು.

ಆಟದ ಹಿಂದಿನ ಸಂಜೆ ಅಜ್ಜಿಯ ಬಲಗಾಲಿನ ಶೂವಿನ ಹಿಮ್ಮಡಿ ಬಾಯಿ ಬಿಟ್ಟಿತು. ಅದು ಕಾರ್ಖಾನೆ ಬಿಟ್ಟು ಬರುವಾಗ ಕೊಟ್ಟಿದ್ದ ಜೋಡು, ಕ್ಯಾನ್ವಾಸ್ ಮೈ, ಗಟ್ಟಿ ಅಟ್ಟೆ.

"ಹೊಸದು ತಗೊಳಮ್ಮಾ," ಎಂದಳು ಮಗಳು.

"ಹೊಸ ಶೂ ಹಾಕ್ಕೊಂಡು ನಾಳೆ ಆಡೋಕಾಗುತ್ತಾ? ಕಚ್ಚುತ್ತೆ."

ಇದೂ ಸುಳ್ಳೇ. ಕಚ್ಚಿದರೆ ಗೊತ್ತಾಗುವ ಕಾಲು ಅದಲ್ಲ. ಹಳೆಯದನ್ನು ಬಿಡಲು ಮನಸ್ಸಿರಲಿಲ್ಲ, ಅಷ್ಟೇ. ಗಂಡ ಶೂ ರಿಪೇರಿಗೆಂದು ಇಟ್ಟುಕೊಂಡಿದ್ದ ಕಬ್ಬಿಣದ ಕಾಲಚ್ಚನ್ನು ಮಂಚದ ಕೆಳಗಿಂದ ಎಳೆದು, ಶೂವನ್ನು ಅದರ ಮೇಲೆ ಮಗುಚಿ ಕೂರಿಸಿ, ಅವನ ಡಬ್ಬಿಯ ಸಣ್ಣ ಮೊಳೆಗಳನ್ನು ನಾಲ್ಕು ಕಡೆ ಹೊಡೆದಳು. ಆಮೇಲೆ ಒಳಗೆ ಕೈ ಹಾಕಿ ಮೂತಿಯಿಂದ ಹಿಮ್ಮಡಿಯವರೆಗೆ ನಡುಬೆರಳು ಆಡಿಸಿದಳು. ಏನೂ ಸಿಗಲಿಲ್ಲ.

"ಹೋಗು," ಎಂದಳು ಶೂವಿಗೆ.

ಡಿಪೋದ ಶೆಡ್ಡಿನಿಂದ ಬಸ್ಸುಗಳನ್ನೆಲ್ಲ ಆಚೆ ನಿಲ್ಲಿಸಿದ್ದರು. ನೆಲದ ಎಣ್ಣೆ ಕಲೆಗೆ ಮರದ ಹೊಟ್ಟು ಉದುರಿಸಿ ಗುಡಿಸಿ, ಸುಣ್ಣದಲ್ಲಿ ಗೆರೆ ಎಳೆದಿದ್ದರು. ಟೈರುಗಳ ಮೇಲೆ ಕೂತು ಜನ ಬಾಳೆಹಣ್ಣು ತಿನ್ನುತ್ತಿದ್ದರು. ಮೊದಲ ಆಟದಲ್ಲಿ ಎದುರಿಗೆ ಬಂದವನು ಮುದಿ ಮೆಕ್ಯಾನಿಕ್, ಜೊತೆಗೆ ಅವನ ಮೊಮ್ಮಗ.

"ಏನಕ್ಕಾ, ನಿಧಾನಕ್ಕೆ ಆಡೋಣ. ಇಬ್ಬರಿಗೂ ವಯಸ್ಸಾಯ್ತು," ಎಂದ ಮೆಕ್ಯಾನಿಕ್.

"ನಿನಗಾಗಿದ್ರೆ ಕೂತ್ಕೋ. ಹುಡುಗ ಒಬ್ಬನೇ ಆಡಲಿ."

ಜನ ನಕ್ಕರು. ಆಟ ಹದಿನೈದು ಪಾಯಿಂಟಿನದು. ಅಜ್ಜಿ ಹಿಂದೆ, ಕಡ್ಡಿ ಮುಂದೆ. ಅಜ್ಜಿ ಅಂದು ಆಡಿದ ಹಾಗೆ ಎಂದೂ ಆಡಿರಲಿಲ್ಲ. ಓಡಿದಳು, ಬಗ್ಗಿದಳು, ತಲೆಯ ಮೇಲಿಂದ ಹೋಗುವ ಕಾಕನ್ನು ಹಿಂದಕ್ಕೆ ನೆಗೆದು ತೆಗೆದಳು. ಪ್ರತಿ ಏಟೂ ಮೊಣಕೈಗೆ ಬಂತು. ಹದಿನೈದು-ಒಂಬತ್ತು. ಗೆದ್ದರು. ಫೈನಲ್ಲಿಗೆ ಉಳಿದದ್ದು ಸ್ಟೋರ್ ಕೀಪರನ ತಾಯಿಯ ಜೋಡಿ ಮಾತ್ರ.

ಅಷ್ಟರಲ್ಲಿ ಗೆರೆ ಕಾಯುತ್ತಿದ್ದವನು ಕೈ ಎತ್ತಿದ.

"ತಡೀರಿ. ನೆಲದ ಮೇಲೆ ಏನಿದು?"

ಸುಣ್ಣದ ಗೆರೆಯ ಮೇಲೆ ಕೆಂಪು ಚುಕ್ಕೆ ಇತ್ತು. ಅದರಾಚೆ ಇನ್ನೊಂದು. ಅಂಗಣದ ಹಿಂದಿನ ಭಾಗದ ತುಂಬ ಮುದ್ರೆ ಒತ್ತಿದ ಹಾಗೆ.

"ರಕ್ತ," ಎಂದರು ಯಾರೋ.

ಅಜ್ಜಿ ಕಡ್ಡಿಯ ರಟ್ಟೆ ಹಿಡಿದು ಟೈರಿನ ಮೇಲೆ ಕೂರಿಸಿದಳು.

"ಎಲ್ಲಿ, ಕಾಲು ತೋರಿಸು! ಎಲ್ಲಿ ಕುಯ್ಕೊಂಡೆ? ಬಾಯಿ ಬಿಟ್ಟು ಹೇಳೋಕಾಗಲ್ವಾ? ನಿಮ್ಮಮ್ಮ ಎಲ್ಲಿ ಸತ್ತಳು, ಮಗು ರಕ್ತ ಸುರಿಸ್ತಾ ಇದ್ರೆ ಹಣ್ಣು ತಿಂತಾ ಕೂತವ್ಳೆ!"

ಕಡ್ಡಿಯ ಎಡ ಶೂ ಕಿತ್ತಳು, ಕಾಲುಚೀಲ ಎಳೆದಳು, ಅಂಗಾಲನ್ನು ಬೆಳಕಿಗೆ ತಿರುಗಿಸಿದಳು. ಬೆಳ್ಳಗಿತ್ತು. ಬಲ ಶೂ ಕಿತ್ತಳು. ಅದೂ ಬೆಳ್ಳಗಿತ್ತು. ಮಗಳು ಓಡಿ ಬಂದಳು. ಅಳಿಯ ಬಂದ. ಅಜ್ಜಿ ಬೈಯುತ್ತಲೇ ಇದ್ದಳು. ಕಡ್ಡಿ ಮಾತ್ರ ಅಜ್ಜಿಯ ಹಿಂದೆ, ನೆಲದ ಮೇಲೆ ನೋಡುತ್ತಿದ್ದಳು. ಟೈರಿನವರೆಗೂ ಬಂದಿದ್ದವು ಚುಕ್ಕೆಗಳು.

"ಅಜ್ಜೀ," ಎಂದಳು. "ನಿನ್ನ ಶೂ."

ಅಜ್ಜಿ ಕೂತು ಬಲಗಾಲಿನ ದಾರ ಬಿಚ್ಚಿದಳು. ಕಾಲುಚೀಲ ಹಿಮ್ಮಡಿಯ ಬಳಿ ಕೆಂಪಗೆ ನೆನೆದು ಶೂವಿಗೆ ಅಂಟಿಕೊಂಡಿತ್ತು. ಶೂ ಒಳಗೆ ಅಕ್ಕಿಕಾಳಿನಷ್ಟು ಉದ್ದಕ್ಕೆ ಒಂದು ಮೊಳೆ ತಲೆ ಎತ್ತಿ ನಿಂತಿತ್ತು. ಅಟ್ಟೆ ಸೀಳಿದ ಕಡೆಯಿಂದ ರಕ್ತ ಆಚೆ ಬಂದಿತ್ತು.

ಅಜ್ಜಿ ಕೈ ಹಾಕಿದಳು. ನಡುಬೆರಳನ್ನು ಮೊಳೆಯ ಮೇಲೆ ಇಟ್ಟಳು. ಬೆರಳು ಮೊಳೆಯ ಮೇಲಿರುವುದು ಕಣ್ಣಿಗೆ ಕಾಣುತ್ತಿತ್ತು. ಬೆರಳು ಏನೂ ಹೇಳಲಿಲ್ಲ. ಒತ್ತಿದಳು. ಆಗಲೂ ಹೇಳಲಿಲ್ಲ. ಪಕ್ಕದ ಬೆರಳು ಇಟ್ಟಳು. ಅದೂ ಅಷ್ಟೇ. ಮೆಲ್ಲಗೆ ಕೈಯನ್ನು ಹೊರಗೆಳೆದು ಮಡಿಲಲ್ಲಿ ಮುಚ್ಚಿಟ್ಟುಕೊಂಡಳು.

ಡಿಪೋದ ಕಾಂಪೌಂಡರ್ ಗಾಯಕ್ಕೆ ಔಷಧಿಯ ಹತ್ತಿ ಒತ್ತಿದ. "ಉರಿಯುತ್ತಾ ಅಮ್ಮಾ?"

"ಇಲ್ಲ. ಕಟ್ಟು ಬೇಗ. ಇನ್ನೊಂದು ಆಟ ಇದೆ."

"ಆಟನಾ?" ಮಗಳ ದನಿ ಶೆಡ್ಡಿನ ತಗಡಿಗೆ ಬಡಿಯಿತು. "ಕಾಲಲ್ಲಿ ಮೊಳೆ ಇಟ್ಕೊಂಡು ಅರ್ಧ ಗಂಟೆ ಕುಣಿದಿದೀಯ, ಇನ್ನೂ ಆಟನಾ?"

"ನೋವಿಲ್ಲ ಅಂತಿದೀನಲ್ಲ!"

"ಅದಕ್ಕೇ ಕಣಮ್ಮಾ!" ಮಗಳು ಅಳತೊಡಗಿದಳು. "ಹನ್ನೊಂದು ವರ್ಷದಿಂದ ಔಷಧಿ ಅಂಗಡೀಲಿ ಕೂತಿದೀನಿ. ಕಾಲು ಜೋಮು ಅಂತ ಬರೋರಿಗೆಲ್ಲ ಹೋಗಿ ಡಾಕ್ಟರಿಗೆ ತೋರಿಸಿ ಅಂತೀನಿ. ನಮ್ಮ ಮನೇಲೇ ಹೀಗಾಗಿದೆ, ನಂಗೆ ಹೇಳೋರಿಲ್ಲ. ಎಷ್ಟು ದಿನದಿಂದ?"

ಉತ್ತರ ಕೊಟ್ಟವಳು ಕಡ್ಡಿ.

"ತುಂಬಾ ದಿನದಿಂದ. ನಂಗೆ ಗೊತ್ತಿತ್ತು."

ಮಗಳು ಕಡ್ಡಿಯ ಮುಖವನ್ನೊಮ್ಮೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಹುಮಾನದ ಕಪ್ ಸ್ಟೋರ್ ಕೀಪರನ ತಾಯಿಗೆ ಹೋಯಿತು, ಒಂದು ಸಲವೂ ಬ್ಯಾಟು ಎತ್ತದೆ.

ಆಸ್ಪತ್ರೆಯಲ್ಲಿ ಡಾಕ್ಟರು ಅಜ್ಜಿಗೆ ಕಣ್ಣು ಮುಚ್ಚಲು ಹೇಳಿ, ಒಂದು ದಾರದಂಥದ್ದನ್ನು ಹಿಡಿದುಕೊಂಡರು.

"ಕಾಲಿಗೆ ಮುಟ್ಟಿದಾಗ ಹೇಳಿ."

ಅಜ್ಜಿ ಸ್ವಲ್ಪ ಹೊತ್ತು ಬಿಟ್ಟು "ಹೂಂ, ಈಗ" ಎಂದಳು.

"ಇನ್ನೂ ಮುಟ್ಟೇ ಇಲ್ಲಮ್ಮಾ."

ಗಾಯ ಪೂರ್ತಿ ಒಣಗುವವರೆಗೆ ಆ ಕಾಲು ಊರುವಂತಿಲ್ಲ, ದಿನಾ ಅಂಗಾಲನ್ನು ಕಣ್ಣಿಂದ ನೋಡಬೇಕು, ಬರಿಗಾಲಲ್ಲಿ ಮನೆಯೊಳಗೂ ನಡೆಯುವಂತಿಲ್ಲ ಎಂದರು. "ಆಟ?" ಎಂದಳು ಅಜ್ಜಿ. "ಮೊದಲು ಒಣಗಲಿ. ಆಮೇಲೆ ಓಡಾಟ ಇಲ್ಲದೆ ನಿಂತು ಆಡಬಹುದು, ಕೈಕಾಲು ಆಡ್ತಾ ಇರೋದು ಒಳ್ಳೇದೇ. ಆದರೆ ಶೂ ನೋಡಿ ಹಾಕ್ಕೋಬೇಕು." ಶೂ ನೋಡುವುದು ಎಂದಾಗ ಮನೆಯವರು ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಜ್ಜಿ ಕೈಗಳನ್ನು ಶಾಲಿನೊಳಗೆ ಇಟ್ಟುಕೊಂಡಿದ್ದಳು. ಡಾಕ್ಟರು ಕೈಯ ವಿಷಯ ಕೇಳಲಿಲ್ಲ. ಅವಳೂ ತೋರಿಸಲಿಲ್ಲ.

ಮಗಳು ಬ್ಯಾಟನ್ನು ಅಟ್ಟದ ಮೇಲೆ ಹಾಕಿದಳು. ಕಡ್ಡಿ ಅಜ್ಜಿಯ ಕೋಣೆಗೆ ಬರುವುದನ್ನು ಕಡಿಮೆ ಮಾಡಿದಳು. ಬಂದರೂ ಮಾತ್ರೆ, ನೀರು ಇಟ್ಟು ಹೋಗುತ್ತಿದ್ದಳು. ಅಜ್ಜಿಗೆ ಬೇಜಾರೂ ಆಗಲಿಲ್ಲ, ಕೋಪವೂ ಬರಲಿಲ್ಲ. ಕೋಪ ಬರಲಿಲ್ಲವಲ್ಲ ಎಂಬುದೊಂದೇ ಅವಳಿಗೆ ವಿಚಿತ್ರವೆನಿಸಿತು. ಹುಟ್ಟಿದಾಗಿನಿಂದ ಮೂಗಿನ ತುದಿಯಲ್ಲಿ ಕೂತಿದ್ದ ಕೋಪ ಅದು.

ಬಾಗಿಲ ಪಕ್ಕದ ಕುರ್ಚಿ ಮಾತ್ರ ಹಾಗೇ ಇತ್ತು. ಬ್ಯಾಂಡೇಜಿನ ಕಾಲನ್ನು ಸ್ಟೂಲಿನ ಮೇಲಿಟ್ಟು ಅಜ್ಜಿ ಕೂರುತ್ತಿದ್ದಳು. ಅಳಿಯ ಮೊದಲಿನ ಹಾಗೆಯೇ ಶೂ ನೀಡುತ್ತಿದ್ದ. ಮಗಳೂ, ಕಡ್ಡಿಯೂ. ಅಜ್ಜಿ ಬೆರಳಾಡಿಸಿ "ಹೋಗು" ಎನ್ನುತ್ತಿದ್ದಳು. ಒಳಗಿರುವುದು ಚರ್ಮವೋ, ಗಾಳಿಯೋ, ಹಾವಿನ ಹಲ್ಲೋ, ಅವಳಿಗೆ ತಿಳಿಯುತ್ತಿರಲಿಲ್ಲ. ಹೇಳಿಬಿಟ್ಟರೆ ಆ ಕುರ್ಚಿಯೂ ಹೋಗುತ್ತದೆ. ಕಾಲು ಹೋಯಿತು, ಆಟ ಹೋಯಿತು, ಇದೊಂದು ಉಳಿದಿತ್ತು. ಹೇಳದಿದ್ದರೆ ಇನ್ಯಾರ ಕಾಲಿಗೋ ಏನೋ. ಹೀಗೆ ನಾಲ್ಕು ದಿನ ದೂಡಿದಳು.

ಐದನೆಯ ದಿನ ಅಳಿಯ ಹೊರಟ ಮೇಲೆ ಕಿಟಕಿಯ ಕಡೆ ತಿರುಗಿದಳು. ಅಳಿಯ ಗೇಟು ದಾಟಿ, ಕಾಂಪೌಂಡಿನ ಮೂಲೆಗೆ ಹೋಗಿ, ಗೋಡೆಗೆ ಒರಗಿ ಒಂದು ಶೂ ಬಿಚ್ಚಿದ. ಒಳಗೆ ಕೈ ಹಾಕಿ ಬೆರಳಾಡಿಸಿ ನೋಡಿದ. ಹಾಕಿಕೊಂಡ. ಇನ್ನೊಂದು ಬಿಚ್ಚಿದ. ಸ್ವಲ್ಪ ಹೊತ್ತಿಗೆ ಮಗಳು ಹೊರಟಳು. ಅವಳೂ ಅದೇ ಮೂಲೆಗೆ ಹೋದಳು.

ಅಜ್ಜಿ ಇಬ್ಬರನ್ನೂ ಪೂರ್ತಿ ನೋಡಿದಳು. ಕರುಣೆಯೋ ಮೋಸವೋ ಎಂದು ಯೋಚಿಸಿದಳು. ಎರಡೂ ಇರಬಹುದು. ಇಷ್ಟು ವರ್ಷ ಅವಳು ಕೆಟ್ಟ ಶೂವನ್ನು ಒಳ್ಳೆಯ ಪೆಟ್ಟಿಗೆಗೆ ಹಾಕಿದವಳಲ್ಲ. ಈಗ ಒಳ್ಳೆಯದೋ ಕೆಟ್ಟದೋ ತಿಳಿಯದೆ ದಿನಕ್ಕೆ ಆರು ಶೂ ಅದಕ್ಕೇ ಹಾಕುತ್ತಿದ್ದಳು.

ಮರುದಿನ ಬೆಳಿಗ್ಗೆ ಅಳಿಯ ಶೂ ನೀಡಿದಾಗ ಅಜ್ಜಿ ಕೈ ಚಾಚಲಿಲ್ಲ.

"ನಾಟಕ ಸಾಕಪ್ಪಾ. ಮೂಲೇಲಿ ನಿಂತು ನೀನು ಮಾಡೋ ಕೆಲಸ ಇಲ್ಲೇ ಮಾಡು."

ಅಳಿಯನ ಮುಖ ಸುಟ್ಟ ಹಾಗಾಯಿತು. "ಅತ್ತೆ, ಹಾಗಲ್ಲ..."

"ಹಾಗೇ. ನನ್ನ ಬೆರಳು ಸತ್ತಿವೆ. ಮೊಳೆ ಮೇಲೆ ಕೈ ಇಟ್ಟೇ 'ಹೋಗು' ಅಂದಿದ್ದೆ ಆವತ್ತು. ಎಷ್ಟು ದಿನದಿಂದ ಹೀಗೋ ನಂಗೂ ಗೊತ್ತಿಲ್ಲ. ಈ ಕೈನ ಇನ್ನು ಮೇಲೆ ಯಾರೂ ನಂಬಬೇಡಿ."

ಮಗಳು ಬಂದು ತಾಯಿಯ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಒತ್ತಿದಳು. ಅಜ್ಜಿಗೆ ಆ ಕೈಯ ಬಿಸಿ ಗೊತ್ತಾಯಿತೋ, ಗೊತ್ತಾದ ಹಾಗೆ ಅನಿಸಿತೋ.

"ಏಯ್ ಕಡ್ಡೀ," ಎಂದಳು. "ಅಲ್ಲಿ ಕಂಬದ ಹಿಂದೆ ನಿಂತು ಏನು ನೋಡ್ತೀಯ? ಬಾ ಇಲ್ಲಿ. ಕೈ ಕೊಡು."

ಕಡ್ಡಿ ಬಂದಳು.

"ಹೆಬ್ಬೆರಳಲ್ಲ, ನಡುಬೆರಳು. ಉಗುರು ಕತ್ತರಿಸಿರಬೇಕು. ಮೂತಿಯಿಂದ ಶುರು ಮಾಡು. ಅವಸರ ಮಾಡಬೇಡ, ಮೂರು ಸೆಕೆಂಡು ನನಗೆ, ನಿನಗೆ ಹತ್ತು. ಹಿಮ್ಮಡೀಲಿ ಎರಡು ಸಲ. ಮೊಳೆ ಯಾವಾಗಲೂ ಅಲ್ಲೇ ಕಳ್ಳನ ಹಾಗೆ ಕೂತಿರುತ್ತೆ."

ಕಡ್ಡಿ ಅಪ್ಪನ ಶೂ ಒಳಗೆ ಮಣಿಕಟ್ಟಿನವರೆಗೆ ಕೈ ತೂರಿಸಿದಳು. ಮೂಗು ಸೊಟ್ಟ ಮಾಡಿದಳು.

"ಅಪ್ಪಾ, ಥೂ, ನಾತ!"

"ಅದು ನೋಡೋದು ನಿನ್ನ ಕೆಲಸ ಅಲ್ಲ," ಎಂದಳು ಅಜ್ಜಿ. "ಮೊಳೆ ಇದೆಯಾ?"

"ಇಲ್ಲ."

"ಹಾಗಾದ್ರೆ ಹೇಳು."

ಕಡ್ಡಿ ಅಪ್ಪನ ಮುಖ ನೋಡಿ, ಮೆಲ್ಲಗೆ "ಹೋಗು" ಎಂದಳು. ಅಳಿಯ ಹೊರಟ. ಮೂಲೆಯಲ್ಲಿ ನಿಲ್ಲಲಿಲ್ಲ. ಆವತ್ತೇ ಮಗಳು ಕುರ್ಚಿಯ ಪಕ್ಕಕ್ಕೆ ಇನ್ನೊಂದು ಸ್ಟೂಲು ತಂದಿಟ್ಟಳು.

ಗಾಯ ಒಣಗಲು ಹತ್ತು ವಾರ ಹಿಡಿಯಿತು. ಅಷ್ಟರಲ್ಲಿ ಕಡ್ಡಿಗೆ ಹದಿನಾಲ್ಕು ತುಂಬಿತ್ತು. ಡಾಕ್ಟರು ಒಪ್ಪಿದ ಮೇಲೂ ಮಗಳು ಎರಡು ವಾರ ಬ್ಯಾಟು ಇಳಿಸಲಿಲ್ಲ. ಇಳಿಸಿದ ಭಾನುವಾರ ಹೊಸ ಶೂ ಎರಡು ಜೊತೆ ತಂದಿಟ್ಟಳು, ಒಂದು ಸರಿಯಿಲ್ಲದಿದ್ದರೆ ಇನ್ನೊಂದಿರಲಿ ಎಂದು. ಅಜ್ಜಿ ಕುರ್ಚಿಯಲ್ಲಿ ಕಾಲುಚೀಲ ಹಾಕಿ ಕಾದಳು. ಕಡ್ಡಿ ಮೊದಲ ಜೊತೆಗೆ ಕೈ ಹಾಕಿದಳು. ಬಲಗಾಲಿನದರಲ್ಲಿ ಬೆರಳು ನಿಂತಿತು. ಹಿಂದೆ ಬಂತು, ಮತ್ತೆ ಮುಂದೆ ಹೋಯಿತು.

"ಒಳಗಿನ ಅಟ್ಟೆ ಸುಕ್ಕಾಗಿದೆ."

"ಎಷ್ಟು?"

"ಒಂದು ದಾರದಷ್ಟು."

"ದಾರದಷ್ಟಕ್ಕೆ ಏನಾಗುತ್ತೆ, ಕೊಡು ಇಲ್ಲಿ. ಹೊತ್ತಾಯ್ತು."

ಕಡ್ಡಿ ಕೊಡಲಿಲ್ಲ. ಜೇಬಿನಿಂದ ಸೀಮೆಸುಣ್ಣ ತೆಗೆದು ಹೊಚ್ಚ ಹೊಸ ಶೂವಿನ ಅಟ್ಟೆಯ ಮೇಲೆ ಅಡ್ಡಗೀಟು ಎಳೆದು ಎಡಗಡೆಗೆ ಎಸೆದಳು. ಅಜ್ಜಿ ಆ ಗೀಟನ್ನು ನೋಡುತ್ತ ಕೂತಳು. ಎರಡನೆಯ ಜೊತೆಗೆ ಕಡ್ಡಿ ಹತ್ತು ಸೆಕೆಂಡಲ್ಲ, ಇಪ್ಪತ್ತು ತೆಗೆದುಕೊಂಡಳು.

"ಹೋಗು."

ಅಂಗಳದಲ್ಲಿ ಅಜ್ಜಿಯನ್ನು ಒಂದು ಕಡೆ ನಿಲ್ಲಿಸಿದರು. ಎರಡು ಹೆಜ್ಜೆಯಾಚೆಗೆ ಹೋದ ಕಾಕೆಲ್ಲ ಕಡ್ಡಿಯದು. ಅಳಿಯ ಮಗುವಿಗೆ ತುತ್ತು ಕೊಡುವ ಹಾಗೆ ಕಾಕನ್ನು ಮೆತ್ತಗೆ ಎತ್ತಿ ಹಾಕಿದ. ಅಜ್ಜಿ ಹೊಡೆಯದೆ ಅದನ್ನು ನೆಲಕ್ಕೆ ಬೀಳಲು ಬಿಟ್ಟಳು.

"ಸರಿಯಾಗಿ ಹೊಡೀತೀಯೋ, ಒಳಗೆ ಹೋಗ್ಲೋ?"

ಅಳಿಯ ಹಗ್ಗದ ಮೇಲಿಂದ ಜೋರಾಗಿ ಹೊಡೆದ. ಅಜ್ಜಿ ಬ್ಯಾಟು ಒಡ್ಡಿದಳು. ಠಕ್ ಎಂದಿತು. ಹಿಡಿ ಅಂಗೈಯಲ್ಲಿದೆಯೋ ಇಲ್ಲವೋ ಬೆರಳಿಗೆ ತಿಳಿಯಲಿಲ್ಲ. ಮಣಿಕಟ್ಟಿಗೂ ಏನೂ ಬರಲಿಲ್ಲ. ಅಜ್ಜಿ ಕಾದಳು. ಏಟು ಮೊಣಕೈಗೆ ಬಂತು, ಸಣ್ಣದಾಗಿ.

ಕಾಕ್ ಮಗಳ ಕಾಲ ಬಳಿ ಬಿದ್ದಿತ್ತು.

"ಒಂದು-ಸೊನ್ನೆ," ಎಂದಳು ಕಡ್ಡಿ.

"ಮಾತು ಬೇಡ. ಸರ್ವೀಸ್ ಮಾಡು," ಎಂದಳು ಅಜ್ಜಿ.